ಲೈಮನ್ ಗೆರೆಯ ಬೆನ್ನು ಹತ್ತಿದವರು

‘ಎಳೆಯ ಗೆಲಾಕ್ಸಿಗಳು ಕಾಣಿಸಬಲ್ಲವೆ?’ 1967ರಲ್ಲಿ ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿದ್ದ ಬ್ರೂಸ್ ಪಾರ್ಟ್ರಿಜ್ ಮತ್ತು ಜಿಮ್ ಪೀಬಲ್ಸ್ ತಮ್ಮ ಪ್ರಬಂಧಕ್ಕೆ ಇಟ್ಟ ತಲೆಬರಹ ಇದು. ಕಾಣಿಸಬೇಕು ಎಂಬುದೇ ಅವರ ಉತ್ತರ. ಆಗತಾನೇ ಹುಟ್ಟಿದ ಗೆಲಾಕ್ಸಿಯಲ್ಲಿ ಭಾರೀ ನಕ್ಷತ್ರಗಳು ಒಟ್ಟೊಟ್ಟಿಗೆ ಹೊತ್ತಿಕೊಂಡಿರುತ್ತವೆ. ಅವುಗಳ ಅತಿನೇರಳೆ ಕಿರಣಗಳು ಸುತ್ತಲಿನ ಜಲಜನಕದ ಪರಮಾಣುಗಳಿಂದ ಎಲೆಕ್ಟ್ರಾನುಗಳನ್ನು ಕಿತ್ತುಹಾಕುತ್ತವೆ. ಬೇರೆಯಾದ ಎಲೆಕ್ಟ್ರಾನು ಮರಳಿ ಪ್ರೋಟಾನನ್ನು ಸೇರಿ ಮೇಲಿನ ಹಂತಗಳಿಂದ ಒಂದೊಂದಾಗಿ ಕೆಳಗಿಳಿಯುತ್ತದೆ. ಎರಡನೆಯ ಹಂತದಿಂದ ಮೊದಲನೆಯದಕ್ಕೆ ಇಳಿಯುವಾಗ 121.6 ನ್ಯಾನೋಮೀಟರ್ ತರಂಗಾಂತರದ ಫೋಟಾನ್ ಒಂದು ಹೊರಬೀಳುತ್ತದೆ. ಇಂಥ ಮೂರು ಮರುಸೇರ್ಪಡೆಗಳಲ್ಲಿ ಹೆಚ್ಚುಕಡಿಮೆ ಎರಡು ಕೊನೆಗೆ ಈ ಫೋಟಾನನ್ನೇ ಕೊಡುತ್ತವೆ. ಎಳೆಯ ಗೆಲಾಕ್ಸಿಯ ಒಟ್ಟು ಬೆಳಕಿನಲ್ಲಿ ಶೇ 6–7ರಷ್ಟು ಈ ಒಂದೇ ಗೆರೆಯಲ್ಲಿ ಬರಬಹುದು ಎಂದು ಇಬ್ಬರೂ ಲೆಕ್ಕ ಹಾಕಿದರು.

ಲೆಕ್ಕದಲ್ಲಿ ತಪ್ಪಿರಲಿಲ್ಲ. ಆದರೂ ಮುಂದಿನ ಸುಮಾರು ಮೂವತ್ತು ವರ್ಷ ಖಾಲಿ ಆಕಾಶದಲ್ಲಿ ಅಂಥ ಗೆಲಾಕ್ಸಿಗಳ ಗುಂಪನ್ನು ಹುಡುಕಿದವರೆಲ್ಲ ಬರಿಗೈಯಲ್ಲಿ ಹಿಂದಿರುಗಿದರು. ಖಗೋಳ ವಿಜ್ಞಾನದ ಇತಿಹಾಸ ಬರೆಯುವವರು ಸಾಮಾನ್ಯವಾಗಿ ಸಿಕ್ಕಿದ್ದರ ಕಥೆ ಹೇಳುತ್ತಾರೆ. ಲೈಮನ್-ಆಲ್ಫಾ ಎಂದು ಹೆಸರಾದ ಈ ಗೆರೆಯ ಕಥೆಯನ್ನು ಸಿಗದೇ ಹೋದದ್ದರಿಂದಲೂ ಹೇಳಬೇಕಾಗುತ್ತದೆ. ಈ ಬೆಳಕನ್ನು ಸೂಸುವುದೂ ಜಲಜನಕ, ದಾರಿಯಲ್ಲಿ ಅಡ್ಡ ನಿಂತು ಹಿಡಿಯುವುದೂ ಜಲಜನಕ. ಗೆರೆ ಎಲ್ಲಿ ಕಂಡಿತು ಎಂಬುದು ಗೆಲಾಕ್ಸಿಯ ಸುದ್ದಿ ಹೇಳಿದರೆ, ಎಲ್ಲಿ ಕಾಣಲಿಲ್ಲ ಎಂಬುದು ಗೆಲಾಕ್ಸಿಗೂ ನಮಗೂ ನಡುವಿನ ವಿಶ್ವದ ಸುದ್ದಿ ಹೇಳುತ್ತದೆ.

ಗೆರೆಗೆ ಹೆಸರು ಕೊಟ್ಟ ಥಿಯೋಡರ್ ಲೈಮನ್ ಬಾಸ್ಟನ್‌ನಲ್ಲಿ 1874ರಲ್ಲಿ ಹುಟ್ಟಿದವರು, ಬದುಕಿನ ಬಹುಭಾಗವನ್ನು ಹಾರ್ವರ್ಡ್‌ನಲ್ಲೇ ಕಳೆದವರು. ಅವರಿಗಿಂತ ಮೊದಲು ಜಲಜನಕದ ಬಗ್ಗೆ ಗೊತ್ತಿದ್ದದ್ದು ಕಣ್ಣಿಗೆ ಕಾಣುವ ಗೆರೆಗಳು ಮತ್ತು ಅವುಗಳ ಅಂಚಿನ ಒಂದಿಷ್ಟು ಮಾತ್ರ. ಸ್ವಿಟ್ಜರ್‌ಲೆಂಡಿನ ಬಾಸೆಲ್ ನಗರದ ಹೆಣ್ಣುಮಕ್ಕಳ ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದ ಯೋಹಾನ್ ಬಾಲ್ಮರ್, ತಮ್ಮ ಅರವತ್ತನೆಯ ವಯಸ್ಸಿನಲ್ಲಿ, 1885ರಲ್ಲಿ, ಕೆಂಪಿನಿಂದ ನೇರಳೆಯವರೆಗಿನ ನಾಲ್ಕು ಗೆರೆಗಳನ್ನು ಒಂದೇ ಸರಳ ಸೂತ್ರದಲ್ಲಿ ಹಿಡಿದಿಟ್ಟಿದ್ದರು. ಆ ಸೂತ್ರದಲ್ಲಿ ಒಂದು ಅಂಕಿ ಬದಲಿಸಿದರೆ ಬೇರೆ ಸಾಲುಗಳೂ ಇರಬೇಕೆಂಬ ಸೂಚನೆ ಸಿಗುತ್ತಿತ್ತು. ಆದರೆ ಅತಿನೇರಳೆಯ ಆ ಕಡೆಗೆ ಹೋಗಲು ಗಾಳಿಯೇ ಅಡ್ಡಿ. ಸುಮಾರು 185 ನ್ಯಾನೋಮೀಟರಿಗಿಂತ ಕಿರಿದಾದ ಅಲೆಗಳನ್ನು ಆಮ್ಲಜನಕ ಹೀರಿಬಿಡುತ್ತದೆ. ಗಾಜು ಅವನ್ನು ಬಿಡುವುದಿಲ್ಲ. ಛಾಯಾಚಿತ್ರದ ತಟ್ಟೆಗೆ ಬಳಿಯುವ ಜೆಲಟಿನ್ ಕೂಡ ಅವನ್ನು ನುಂಗುತ್ತದೆ.

ಈ ಅಡ್ಡಿಗಳನ್ನು ಒಂದೊಂದಾಗಿ ಕಿತ್ತವರು ಜರ್ಮನಿಯ ಲೈಪ್‌ಜಿಗ್‌ನ ವಿಕ್ಟರ್ ಶೂಮನ್. ಯಂತ್ರ ತಯಾರಿಕೆ ಅವರ ಕಸುಬು, ರೋಹಿತ ಅವರ ಹುಚ್ಚು. ಉಪಕರಣದೊಳಗಿನ ಗಾಳಿಯನ್ನು ಪಂಪಿನಿಂದ ಹೊರತೆಗೆದರು, ಗಾಜಿನ ಬದಲು ಫ್ಲೋರೈಟ್ ಹರಳನ್ನು ಕೂರಿಸಿದರು, ಜೆಲಟಿನ್ ಅತಿ ಕಡಿಮೆ ಇರುವ ತಟ್ಟೆಗಳನ್ನು ತಾವೇ ತಯಾರಿಸಿಕೊಂಡರು. ಅವರಿಗೆ ಗೆರೆಗಳು ಕಂಡವು. ಆದರೆ ಆ ಪ್ರದೇಶದಲ್ಲಿ ಫ್ಲೋರೈಟ್ ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬ ಅಳತೆಯೇ ಆಗ ಇರಲಿಲ್ಲವಾದ್ದರಿಂದ, ಕಂಡ ಗೆರೆಯ ತರಂಗಾಂತರ ಎಷ್ಟೆಂದು ಹೇಳಲಾಗಲಿಲ್ಲ.

ಆ ಅಳತೆಯ ಕೆಲಸವನ್ನು ಲೈಮನ್ ಕೈಗೆತ್ತಿಕೊಂಡರು. ಪಟ್ಟಕದ ಬದಲು, ಸಾವಿರಾರು ಸೂಕ್ಷ್ಮ ಗೀರುಗಳಿರುವ ನಿಮ್ನ ಲೋಹಫಲಕವನ್ನು ನಿರ್ವಾತದ ಕೊಳವೆಯೊಳಗೆ ಇಟ್ಟರು. ಮೊದಮೊದಲು ಕಂಡ ಕೆಲವು ಗೆರೆಗಳು ಅವರನ್ನೇ ದಾರಿ ತಪ್ಪಿಸಿದವು. ಗೀರುಗಳ ಅಂತರದಲ್ಲಿದ್ದ ಪುಟ್ಟ ದೋಷಗಳಿಂದಾಗಿ, ಕಣ್ಣಿಗೆ ಕಾಣುವ ಬೆಳಕೇ ಅತಿನೇರಳೆಯ ಜಾಗದಲ್ಲಿ ಬಂದು ಕೂರುತ್ತಿತ್ತು. ಈ ಸುಳ್ಳು ಗೆರೆಗಳ ಅಧ್ಯಯನವೇ ಅವರ ಡಾಕ್ಟರೇಟ್ ಪ್ರಬಂಧವಾಯಿತು. ಇವತ್ತಿಗೂ ರೋಹಿತ ಶಾಸ್ತ್ರಜ್ಞರು ಅವನ್ನು ‘ಲೈಮನ್ ಭೂತಗಳು’ ಎನ್ನುತ್ತಾರೆ. ನಿಜವಾದ ಗೆರೆಯನ್ನು ಹಿಡಿಯುವ ಮೊದಲು ಸುಳ್ಳು ಗೆರೆಯನ್ನು ಗುರುತಿಸಲು ಕಲಿತದ್ದು ಈ ವಿದ್ಯೆಯ ಮೊದಲ ಪಾಠ ಎನ್ನಬೇಕು. 1906ರಲ್ಲಿ ಅವರು ಜಲಜನಕದ ಅತಿನೇರಳೆ ರೋಹಿತವನ್ನು ಪ್ರಕಟಿಸಿದರು. 1913ರಲ್ಲಿ ನೀಲ್ಸ್ ಬೋರ್ ಪರಮಾಣುವಿನ ಹಂತಗಳ ಚಿತ್ರವನ್ನು ಮುಂದಿಟ್ಟಾಗ ಈ ಗೆರೆಗಳಿಗೆ ತಳಹದಿ ಸಿಕ್ಕಿತು. 1914ರ ಹೊತ್ತಿಗೆ ಈ ಸಾಲು ಲೈಮನ್ ಹೆಸರಿಗೆ ಖಚಿತವಾಯಿತು.

ಪ್ರಯೋಗಾಲಯದ ಕೊಳವೆಯಲ್ಲಿ ಕಂಡದ್ದು ಆಕಾಶದಲ್ಲಿ ಕಾಣಲು ಬಹಳ ವರ್ಷ ಬೇಕಾಯಿತು. ಸೂರ್ಯನ ಬಹುಭಾಗ ಜಲಜನಕವೇ ಎಂದು 1925ರಲ್ಲಿ ಅದೇ ಹಾರ್ವರ್ಡ್‌ನ ಸಿಸಿಲಿಯಾ ಪೇನ್ ಲೆಕ್ಕ ಕೊಟ್ಟರು. ಆ ಲೆಕ್ಕಕ್ಕೆ ಅವರು ನೆಚ್ಚಿಕೊಂಡದ್ದು ಮೇಘನಾದ ಸಹಾ 1920ರಲ್ಲಿ ರೂಪಿಸಿದ ಅಯಾನೀಕರಣ ಸಮೀಕರಣವನ್ನು. ಸಹಾ ಅಷ್ಟಕ್ಕೇ ನಿಲ್ಲಲಿಲ್ಲ. 1937ರಲ್ಲಿ ಹಾರ್ವರ್ಡ್ ವೀಕ್ಷಣಾಲಯದ ಬುಲೆಟಿನ್‌ನಲ್ಲಿ, ಓಜೋನ್ ಪದರದ ಮೇಲೆ, ವಾಯುಮಂಡಲದ ಎತ್ತರದಲ್ಲಿ ಸೂರ್ಯವೀಕ್ಷಣಾಲಯವೊಂದು ಬೇಕೆಂದು ಬರೆದರು. ನೆಲಕ್ಕೆ ಇಳಿಯದ ಸೌರ ಅತಿನೇರಳೆ ಗೆರೆಗಳು ಅಲ್ಲಿ ಸಿಗುತ್ತವೆ ಎಂಬುದು ಅವರ ವಾದ. ಅಂಥ ಎತ್ತರಕ್ಕೆ ಉಪಕರಣ ಒಯ್ಯುವ ವಾಹನವೇ ಇಲ್ಲದ ಕಾಲದಲ್ಲಿ ಭಾರತದ ಭೌತವಿಜ್ಞಾನಿಯೊಬ್ಬರು ಹೀಗೆ ಯೋಚಿಸಿದ್ದರು ಎಂಬುದನ್ನು ನಮ್ಮ ಪಠ್ಯಪುಸ್ತಕಗಳು ಇನ್ನಷ್ಟು ಗಟ್ಟಿಯಾಗಿ ಹೇಳಬೇಕಿತ್ತು. ಎರಡನೆಯ ಮಹಾಯುದ್ಧದ ನಂತರ ರಾಕೆಟ್ಟುಗಳು ಬಂದವು. 1952ರಲ್ಲಿ ಕೊಲರಾಡೊ ವಿಶ್ವವಿದ್ಯಾಲಯದ ವಿಲಿಯಂ ರೆನ್ಸ್ ರಾಕೆಟ್ಟಿನಲ್ಲಿ ಕಳಿಸಿದ ಉಪಕರಣ ಸೂರ್ಯನ ಲೈಮನ್-ಆಲ್ಫಾ ಗೆರೆಯ ಚಿತ್ರ ತೆಗೆಯಿತು. ಲೈಮನ್ ತೀರಿಕೊಂಡದ್ದು 1954ರಲ್ಲಿ.

ನೆಲದ ಮೇಲಿನ ದೂರದರ್ಶಕಗಳಿಗೆ ಈ ಗೆರೆ ಸಿಕ್ಕಿದ್ದು ವಿಶ್ವ ಹಿಗ್ಗುತ್ತಿರುವುದರಿಂದ. ಬೆಳಕು ದೂರದಿಂದ ಬರುವಾಗ ಅದರ ಅಲೆಗಳೂ ಹಿಗ್ಗುತ್ತವೆ. ಇದನ್ನು ಕೆಂಪು ಪಲ್ಲಟ ಎನ್ನುತ್ತಾರೆ. ಪಲ್ಲಟದ ಅಂಕಿಗೆ ಒಂದು ಸೇರಿಸಿ ಗುಣಿಸಿದರೆ, ಹೊರಟಾಗಿನ ತರಂಗಾಂತರ ಇಲ್ಲಿ ಎಷ್ಟಾಗಿ ಸಿಗುತ್ತದೆ ಎಂದು ತಿಳಿಯುತ್ತದೆ. ಮಾರ್ಟನ್ ಶ್ಮಿಟ್ 1965ರಲ್ಲಿ ಪಲೋಮಾರ್ ಬೆಟ್ಟದ 200 ಅಂಗುಲದ ದೂರದರ್ಶಕದಿಂದ 3ಸಿ 9 ಎಂಬ ಕ್ವೇಸಾರನ್ನು (ದೈತ್ಯ ಕಪ್ಪುಕುಳಿಯ ಬಲದಿಂದ ಉರಿಯುವ ದೂರದ ಗೆಲಾಕ್ಸಿಯ ನಡುಭಾಗವನ್ನು) ನೋಡಿ ಅದರ ಕೆಂಪು ಪಲ್ಲಟ 2.01 ಎಂದು ಕಂಡುಕೊಂಡರು. ಗಾಳಿ ನುಂಗಬೇಕಿದ್ದ 121.6 ನ್ಯಾನೋಮೀಟರಿನ ಗೆರೆ ಮೂರು ಪಟ್ಟು ಹಿಗ್ಗಿ, 366ರ ಆಸುಪಾಸಿನಲ್ಲಿ, ಗಾಳಿ ದಾಟಿ ಬರುವ ಬೆಳಕಾಗಿ ಶ್ಮಿಟ್‌ರ ತಟ್ಟೆಯ ಮೇಲೆ ಮೂಡಿತ್ತು.

ಅದೇ ವರ್ಷ ಅದೇ ರೋಹಿತವನ್ನು ಇಟ್ಟುಕೊಂಡು ಕ್ಯಾಲ್ಟೆಕ್‌ನ ಇಬ್ಬರು ತರುಣರು, ಜೇಮ್ಸ್ ಗನ್ ಮತ್ತು ಬ್ರೂಸ್ ಪೀಟರ್‌ಸನ್, ಬೇರೆಯದೇ ಪ್ರಶ್ನೆ ಕೇಳಿದರು. ಗೆಲಾಕ್ಸಿಗಳ ನಡುವಿನ ಬಯಲಿನಲ್ಲಿ ಜಲಜನಕ ಸಿಡಿಯದೆ ಇಡೀ ಪರಮಾಣುವಾಗಿ ಉಳಿದಿದ್ದರೆ, ಅದು ಈ ಗೆರೆಯ ಪಕ್ಕದ ನೀಲಿ ಬೆಳಕನ್ನು ಹೀರಿ ರೋಹಿತದಲ್ಲಿ ದೊಡ್ಡ ಹಳ್ಳ ಬೀಳಿಸಬೇಕಿತ್ತು. 3ಸಿ 9ರಲ್ಲಿ ಅಂಥ ಹಳ್ಳ ಇರಲಿಲ್ಲ. ಅಂದರೆ ಆ ಬಯಲಿನ ಜಲಜನಕವೆಲ್ಲ ಎಲೆಕ್ಟ್ರಾನು ಕಳೆದುಕೊಂಡು ಪಾರದರ್ಶಕವಾಗಿತ್ತು. ಮಹಾಸ್ಫೋಟದ ಸುಮಾರು 3,80,000 ವರ್ಷಗಳ ನಂತರ ವಿಶ್ವ ತಣ್ಣಗಾಗಿ ಎಲೆಕ್ಟ್ರಾನು-ಪ್ರೋಟಾನುಗಳು ಕೂಡಿಕೊಂಡಿದ್ದವು. ಆಮೇಲೆ ಎಂದೋ ಯಾವುದೋ ಶಕ್ತಿ ಅವನ್ನು ಮತ್ತೆ ಬಿಡಿಸಿದೆ. ಯಾವಾಗ, ಯಾರು ಬಿಡಿಸಿದರು? ಕಾಣದ ಒಂದು ಹಳ್ಳದಿಂದ ಇಷ್ಟು ದೊಡ್ಡ ಪ್ರಶ್ನೆ ಎದ್ದು ನಿಂತಿತು. ಪಾರ್ಟ್ರಿಜ್ ಮತ್ತು ಪೀಬಲ್ಸ್ ಎರಡು ವರ್ಷದ ನಂತರ ಎಳೆಯ ಗೆಲಾಕ್ಸಿಗಳ ಲೆಕ್ಕಕ್ಕೆ ಕೂತದ್ದು ಈ ಹಿನ್ನೆಲೆಯಲ್ಲಿ.

ಹುಡುಕಾಟ ಶುರುವಾಯಿತು. ಒಂದು ಕಿರಿದಾದ ತರಂಗಾಂತರವನ್ನಷ್ಟೇ ಒಳಬಿಡುವ ಫಿಲ್ಟರಿನ ಮೂಲಕ ಆಕಾಶದ ತುಂಡೊಂದರ ಚಿತ್ರ ತೆಗೆಯುವುದು, ಅದೇ ತುಂಡನ್ನು ಅಗಲ ಫಿಲ್ಟರಿನಲ್ಲೂ ತೆಗೆದು ಎರಡನ್ನೂ ಹೋಲಿಸುವುದು, ಮೊದಲನೆಯದರಲ್ಲಿ ಮಾತ್ರ ಮಿಂಚುವ ಚುಕ್ಕೆಯನ್ನು ಹೆಕ್ಕುವುದು ಕ್ರಮ. ಸಿಕ್ಕ ಚುಕ್ಕೆಗಳಲ್ಲಿ ಹಲವು, ಹತ್ತಿರದ ಗೆಲಾಕ್ಸಿಗಳ ಆಮ್ಲಜನಕದ ಗೆರೆಗಳೆಂದು ಆಮೇಲೆ ತಿಳಿಯುತ್ತಿತ್ತು. ಎಂಬತ್ತರ ದಶಕದಲ್ಲಿ ಕ್ವೇಸಾರುಗಳ ಪಕ್ಕದಲ್ಲಿ ಮತ್ತು ಪ್ರಬಲ ರೇಡಿಯೋ ಗೆಲಾಕ್ಸಿಗಳಲ್ಲಿ ಲೈಮನ್-ಆಲ್ಫಾ ಕಂಡದ್ದುಂಟು. ಆದರೆ ಅವೆಲ್ಲ ದೈತ್ಯ ಕಪ್ಪುಕುಳಿಗಳ ಬಲದಿಂದ ಉರಿಯುವಂಥವು. 1967ರ ಲೆಕ್ಕ ಹೇಳಿದ್ದ ಸಾಮಾನ್ಯ ಎಳೆಯ ಗೆಲಾಕ್ಸಿ ಮಾತ್ರ ಸಿಗಲಿಲ್ಲ. 1994ರಲ್ಲಿ ಕ್ರಿಸ್ ಪ್ರಿಚೆಟ್ ಈ ಇಡೀ ಹುಡುಕಾಟವನ್ನು ಸಮೀಕ್ಷಿಸಿದಾಗಲೂ ಪಟ್ಟಿ ಖಾಲಿ ಇತ್ತು.

ಕಾರಣ ಗೆಲಾಕ್ಸಿಗಳ ಒಳಗೇ ಇತ್ತು. ಲೈಮನ್-ಆಲ್ಫಾ ಫೋಟಾನ್ ಹುಟ್ಟಿದ ಕೂಡಲೇ ನೇರವಾಗಿ ಹೊರಗೆ ಬರಲಾರದು. ಪಕ್ಕದ ಪರಮಾಣು ಅದನ್ನು ಹೀರಿ, ತಕ್ಷಣವೇ ಬೇರೊಂದು ದಿಕ್ಕಿಗೆ ಉಗುಳುತ್ತದೆ. ಅದನ್ನು ಮತ್ತೊಂದು ಹೀರುತ್ತದೆ. ದಟ್ಟವಾದ ಅನಿಲದಲ್ಲಿ ಇದು ಲಕ್ಷಾಂತರ ಸಲ ನಡೆಯಬಹುದು. ಆಗುಂಬೆ ಘಾಟಿಯ ಮಂಜಿನಲ್ಲಿ ಬಸ್ಸಿನ ದೀಪ ದಾರಿ ತೋರದೆ ಮಂಜನ್ನೇ ಬೆಳಗುವಂತೆ, ಗೆಲಾಕ್ಸಿಯ ಬೆಳಕು ತನ್ನದೇ ಅನಿಲದಲ್ಲಿ ಹರಡಿ ಮಸುಕಾಗುತ್ತದೆ. ಹೀಗೆ ಅಲೆಯುವ ದಾರಿ ಉದ್ದವಾದಷ್ಟೂ ಧೂಳಿನ ಕಣವೊಂದಕ್ಕೆ ಬಲಿಯಾಗುವ ಸಂಭವ ಹೆಚ್ಚು. ಧೂಳಿಗೆ ಸಿಕ್ಕ ಫೋಟಾನು ಮರಳಿ ಬರುವುದಿಲ್ಲ.

ಧೂಳೊಂದೇ ಕಾರಣ ಎಂದು ಕೆಲಕಾಲ ನಂಬಿಕೆಯಿತ್ತು. 1994ರಲ್ಲಿ ಹಬಲ್ ದೂರದರ್ಶಕದಿಂದ ಡೇನಿಯಲ್ ಕುಂಥ್ ಮತ್ತು ಸಂಗಡಿಗರು ನೋಡಿದ ಒಂದು ಪುಟ್ಟ ಗೆಲಾಕ್ಸಿ ಆ ನಂಬಿಕೆಯನ್ನು ಅಲುಗಿಸಿತು. ಐ ಝ್ವಿಕಿ 18 ಎಂಬ ಅದು ನಮಗೆ ಹತ್ತಿರದ್ದು. ಅದರಲ್ಲಿ ಹೊಸ ನಕ್ಷತ್ರಗಳು ಧಾರಾಳ, ಧೂಳು ಬಹಳ ಕಡಿಮೆ. ಎಲ್ಲ ಲೆಕ್ಕದ ಪ್ರಕಾರ ಲೈಮನ್-ಆಲ್ಫಾ ಅಲ್ಲಿ ಝಗಮಗಿಸಬೇಕಿತ್ತು. ಕಂಡದ್ದು ಕಪ್ಪು ಹಳ್ಳ. ಅದಕ್ಕಿಂತ ಹೆಚ್ಚು ಧೂಳಿರುವ ಹಾರೋ 2 ಎಂಬ ಗೆಲಾಕ್ಸಿಯಲ್ಲಿ ಗೆರೆ ಚೆನ್ನಾಗಿ ಹೊಳೆಯಿತು. ವ್ಯತ್ಯಾಸ ಅನಿಲದ ಚಲನೆಯಲ್ಲಿತ್ತು. ಹಾರೋ 2ರಲ್ಲಿ ಅನಿಲ ಸೆಕೆಂಡಿಗೆ ಸುಮಾರು 200 ಕಿಲೋಮೀಟರ್ ವೇಗದಲ್ಲಿ ಹೊರಕ್ಕೆ ನುಗ್ಗುತ್ತಿದೆ. ಆ ವೇಗದಿಂದ ಪರಮಾಣುಗಳು ಹೀರುವ ತರಂಗಾಂತರ ಸ್ವಲ್ಪ ಸರಿದು, ಫೋಟಾನುಗಳು ನುಸುಳಿ ಹೋಗಲು ಎಡೆ ಸಿಗುತ್ತದೆ. ಐ ಝ್ವಿಕಿ 18ರ ಅನಿಲ ಮಿಸುಕದೆ ನಿಂತಿದೆ. ಈ ಒಂದು ಗೆಲಾಕ್ಸಿಯ ಕಪ್ಪು ಹಳ್ಳಕ್ಕೆ ಈ ಇತಿಹಾಸದಲ್ಲಿ ಅದರ ಗಾತ್ರ ಮೀರಿದ ಜಾಗವಿದೆ. ಮೂವತ್ತು ವರ್ಷದ ವೈಫಲ್ಯಕ್ಕೆ ವಿವರಣೆ ಕೊಡುವಾಗ ಧೂಳಿನ ಜೊತೆಗೆ ಅನಿಲದ ಓಟವನ್ನೂ ಲೆಕ್ಕಕ್ಕೆ ತರಬೇಕೆಂದು ಅದು ಕಲಿಸಿತು.

ಅಷ್ಟರಲ್ಲಿ ಹವಾಯಿ ದ್ವೀಪದ ಮೌನಾ ಕೇಯಾ ಪರ್ವತದ ನೆತ್ತಿಯಲ್ಲಿ 10 ಮೀಟರ್ ವ್ಯಾಸದ ಕೆಕ್ ದೂರದರ್ಶಕಗಳು ಎದ್ದಿದ್ದವು. 1996ರಲ್ಲಿ ಎಸ್ತರ್ ಹೂ ಮತ್ತು ರಿಚರ್ಡ್ ಮೆಕ್‌ಮಹನ್ ಕ್ವೇಸಾರೊಂದರ ನೆರೆಯಲ್ಲಿ, ಕೆಂಪು ಪಲ್ಲಟ 4.55ರಲ್ಲಿ, ಲೈಮನ್-ಆಲ್ಫಾ ಸೂಸುವ ಎರಡು ಗೆಲಾಕ್ಸಿಗಳನ್ನು ಕಂಡರು. 1998ರಲ್ಲಿ ಹೂ ಮತ್ತು ಲೆನಾಕ್ಸ್ ಕೌವಿ ಕ್ವೇಸಾರಿನ ಆಸರೆಯೂ ಇಲ್ಲದ ಖಾಲಿ ಆಕಾಶದಲ್ಲಿ, 3.4ರಲ್ಲಿ, ಅಂಥವನ್ನು ಹೆಕ್ಕಿದರು. ಹಿಂದಿನವರು ದೊಡ್ಡ ಹೊಳಪಿಗಾಗಿ ಹುಡುಕಿದ್ದರು. ಸಿಕ್ಕವು ಪುಟ್ಟವು, ಮಸುಕಾದವು, ಲೆಕ್ಕಕ್ಕಿಂತ ಎಷ್ಟೋ ಬಡವಾದವು. ಆ ಹಿಂದಿನವರು ಸರಿಯಾದ ಕಡೆಯೇ ನೋಡುತ್ತಿದ್ದರು, ಅವರ ಕನ್ನಡಿಗಳು ಸಾಲದಾಗಿದ್ದವು ಅಷ್ಟೆ. ಬೆನ್ನಿಗೇ ಅರಿಜೋನಾದ ಕಿಟ್ ಪೀಕ್‌ನ 4 ಮೀಟರ್ ದೂರದರ್ಶಕದಲ್ಲಿ ಭಾರತ ಮೂಲದ ಸಂಗೀತಾ ಮಲ್ಹೋತ್ರಾ ಮತ್ತು ಜೇಮ್ಸ್ ರೋಡ್ಸ್ ಅಗಲವಾದ ಆಕಾಶವನ್ನು ಜಾಲಾಡುವ ಸಮೀಕ್ಷೆ ನಡೆಸಿ ನೂರಾರು ಅಭ್ಯರ್ಥಿ ಗೆಲಾಕ್ಸಿಗಳನ್ನು ಪಟ್ಟಿ ಮಾಡಿದರು.

ಇನ್ನೂ ದೂರ ಹೋಗಲು ಮತ್ತೊಂದು ಅಡ್ಡಿಯಿತ್ತು. ರಾತ್ರಿಯ ಆಕಾಶ ಪೂರ್ತಿ ಕತ್ತಲೆಯಲ್ಲ. ಮೇಲಿನ ವಾಯುಮಂಡಲದ ಹೈಡ್ರಾಕ್ಸಿಲ್ ಅಣುಗಳು ಕೆಂಪಿನಾಚೆಯ ಬೆಳಕಿನಲ್ಲಿ ಸದಾ ಮಿನುಗುತ್ತಿರುತ್ತವೆ. ಆ ಮಿನುಗಿನ ಗೆರೆಗಳ ನಡುವೆ ಅಲ್ಲಲ್ಲಿ ಕತ್ತಲೆಯ ಕಿಟಕಿಗಳಿವೆ. 816 ನ್ಯಾನೋಮೀಟರ್ ಬಳಿ ಒಂದು, 921ರ ಬಳಿ ಇನ್ನೊಂದು. ಅವುಗಳ ಮೂಲಕ ಕೆಂಪು ಪಲ್ಲಟ 5.7 ಮತ್ತು 6.6ರ ಗೆಲಾಕ್ಸಿಗಳಷ್ಟೇ ಕಾಣುತ್ತವೆ. ಸಂಶೋಧನಾ ಪತ್ರಿಕೆಗಳಲ್ಲಿ ಈ ಎರಡು ಅಂಕಿಗಳೇ ಮತ್ತೆ ಮತ್ತೆ ಬರುವುದಕ್ಕೆ ಕಾರಣ ನಮ್ಮ ತಲೆಯ ಮೇಲಿನ ಗಾಳಿ.

ಈ ಕಿಟಕಿಗಳಲ್ಲಿ ಇಣುಕಿದವರಲ್ಲಿ ಜಪಾನಿಯರದ್ದು ಎದ್ದುಕಾಣುವ ಹೆಸರು. ಮೌನಾ ಕೇಯಾದಲ್ಲೇ ಅವರು ಕಟ್ಟಿದ 8.2 ಮೀಟರಿನ ಸುಬಾರು ದೂರದರ್ಶಕದ ಕ್ಯಾಮೆರಾ ಒಂದೇ ಸಲಕ್ಕೆ ಹುಣ್ಣಿಮೆಯ ಚಂದ್ರನಷ್ಟು ಅಗಲದ ಆಕಾಶವನ್ನು ಹಿಡಿಯುತ್ತಿತ್ತು. 2002ರಲ್ಲಿ ಹೂ ತಂಡ ಗೆಲಾಕ್ಸಿ ಗುಚ್ಛವೊಂದರ ಗುರುತ್ವದ ಮಸೂರದ ನೆರವಿನಿಂದ 6.56ನ್ನು ಮುಟ್ಟಿತ್ತು. ಮರುವರ್ಷ ಸುಬಾರು 6.58ಕ್ಕೆ ಹೋಯಿತು. 2006ರಲ್ಲಿ ಮಸನೊರಿ ಇಯೆ ತಂಡ 6.96ರಲ್ಲಿ ಒಂದು ಗೆಲಾಕ್ಸಿಯನ್ನು ಪತ್ತೆಮಾಡಿತು. ಮಸಾಮಿ ಔಚಿ ನಾಯಕತ್ವದ ತಂಡ 2009ರಲ್ಲಿ ಪ್ರಕಟಿಸಿದ ದೈತ್ಯ ಅನಿಲ ಮೋಡವೊಂದಕ್ಕೆ ಪುರಾತನ ಜಪಾನಿನ ರಾಣಿ ಹಿಮಿಕೋಳ ಹೆಸರಿಟ್ಟರು. ಲೈಮನ್-ಆಲ್ಫಾದಲ್ಲಿ ಅದರ ಅಗಲ ಸುಮಾರು 55,000 ಜ್ಯೋತಿರ್ವರ್ಷ. ವಿಶ್ವಕ್ಕೆ ನೂರು ಕೋಟಿ ವರ್ಷ ತುಂಬುವ ಮೊದಲೇ ಇಷ್ಟು ದೊಡ್ಡದು ಹೇಗೆ ನೆರೆಯಿತು ಎಂಬುದು ಬಹುಕಾಲ ಚರ್ಚೆಯ ವಸ್ತುವಾಯಿತು.

ದಾಖಲೆಗಳ ಓಟದಲ್ಲಿ ಎಡವಿದ್ದೂ ಉಂಟು. 2015ರಲ್ಲಿ ಪೋರ್ಚುಗಲ್ಲಿನ ಡೇವಿಡ್ ಸೊಬ್ರಾಲ್ ತಂಡ 6.6ರಲ್ಲಿ ಕಂಡ ಸಿಆರ್7 ಎಂಬ ಪ್ರಖರ ಗೆಲಾಕ್ಸಿಯಲ್ಲಿ ಇಂಗಾಲ, ಆಮ್ಲಜನಕಗಳ ಸುಳಿವೇ ಇಲ್ಲದ ಮೊಟ್ಟಮೊದಲ ತಲೆಮಾರಿನ ನಕ್ಷತ್ರಗಳಿರಬಹುದೆಂಬ ಸುದ್ದಿ ಜಗತ್ತೆಲ್ಲ ಹಬ್ಬಿತು. ಎರಡು ವರ್ಷದ ನಂತರ ಚಿಲಿಯ ಆಲ್ಮಾ ರೇಡಿಯೋ ದೂರದರ್ಶಕ ಅಲ್ಲಿ ಇಂಗಾಲವನ್ನು ಕಂಡಿತು. ಇಂಗಾಲ ಹುಟ್ಟುವುದು ನಕ್ಷತ್ರಗಳ ಒಡಲಲ್ಲಿ. ಅದು ಇದ್ದಲ್ಲಿ ಹಿಂದಿನ ತಲೆಮಾರೊಂದು ಆಗಲೇ ಬದುಕಿ ಅಳಿದಿರಬೇಕು.

ದಾಖಲೆಗಳಿಗಿಂತ ಮುಖ್ಯವಾದದ್ದು ಎಣಿಕೆ. 2001ರಲ್ಲಿ ರಾಬರ್ಟ್ ಬೆಕರ್ ಮತ್ತು ಜೊತೆಗಾರರು 6.28ರ ಕ್ವೇಸಾರೊಂದರ ರೋಹಿತದಲ್ಲಿ, ಗನ್ ಮತ್ತು ಪೀಟರ್‌ಸನ್ 36 ವರ್ಷ ಹಿಂದೆ ಹೇಳಿದ್ದ ಹಳ್ಳವನ್ನು ಕೊನೆಗೂ ಕಂಡಿದ್ದರು. ಅಲ್ಲಿಂದ ಹಿಂದಕ್ಕೆ ವಿಶ್ವದಲ್ಲಿ ಇಡೀ ಪರಮಾಣುವಾಗಿ ಉಳಿದ ಜಲಜನಕ ಹೆಚ್ಚುತ್ತ ಹೋಗುತ್ತದೆ ಎಂದಾಯಿತು. ಹಾಗಿದ್ದರೆ ಲೈಮನ್-ಆಲ್ಫಾ ಗೆಲಾಕ್ಸಿಗಳೂ ಅಲ್ಲಿಂದಾಚೆ ಕಡಿಮೆಯಾಗಬೇಕು. 2006ರಲ್ಲಿ ನೊಬುನಾರಿ ಕಶಿಕಾವಾ ತಂಡ 5.7 ಮತ್ತು 6.5ರ ಎಣಿಕೆಗಳನ್ನು ಹೋಲಿಸಿ ಪ್ರಖರ ಗೆಲಾಕ್ಸಿಗಳು ಕಡಿಮೆಯಾಗಿರುವುದನ್ನು ತೋರಿಸಿತು. 2010ರ ನಂತರ ಹಲವು ತಂಡಗಳು 7ರ ಆಚೆ ಇನ್ನೂ ದೊಡ್ಡ ಇಳಿಕೆ ಕಂಡವು. ಗೆಲಾಕ್ಸಿಗಳು ಅಲ್ಲಿವೆ, ಬೇರೆ ವಿಧಾನಗಳಿಂದ ಅವು ಕಾಣುತ್ತವೆ, ಆದರೆ ಅವುಗಳ ಲೈಮನ್-ಆಲ್ಫಾ ಮಾತ್ರ ಬರುತ್ತಿಲ್ಲ. ರಾತ್ರಿಗಟ್ಟಲೆ ದೂರದರ್ಶಕ ಹಿಡಿದು ಏನೂ ಕಾಣದ ರೋಹಿತಗಳನ್ನು ಅಚ್ಚಿಗೆ ಕಳಿಸಿದ ಈ ಸಂಶೋಧಕರ ಕೆಲಸಕ್ಕೆ ಪತ್ರಿಕೆಗಳ ಮುಖಪುಟ ಸಿಗಲಿಲ್ಲ. ವಿಶ್ವ ಯಾವಾಗ ತಿಳಿಯಾಯಿತು ಎಂಬ ದಿನಾಂಕವನ್ನು ಹತ್ತಿರಕ್ಕೆ ತಂದವರು ಅವರೇ.

ತಿಳಿಯಾಗಿಸಿದ್ದು ಯಾರು ಎಂಬ ಇನ್ನೊಂದು ಪ್ರಶ್ನೆಗೆ ಉತ್ತರ ಹುಡುಕಲು ಖಗೋಳಜ್ಞರು ಹತ್ತಿರಕ್ಕೆ ಬರಬೇಕಾಯಿತು. ಜಲಜನಕವನ್ನು ಸಿಡಿಸಬಲ್ಲ, 91.2 ನ್ಯಾನೋಮೀಟರಿಗಿಂತ ಕಿರಿದಾದ ಬೆಳಕು ಗೆಲಾಕ್ಸಿಯಿಂದ ಹೊರಗೆ ಸೋರಬೇಕು. ಅತಿ ದೂರದಲ್ಲಿ ಅದನ್ನು ನೇರವಾಗಿ ನೋಡಲಾಗದು, ನಡುವಿನ ಅನಿಲ ಬಿಡುವುದಿಲ್ಲ. ಹಾಗಾಗಿ ಹಳೆಯವನ್ನು ಹೋಲುವ ಹತ್ತಿರದ ಗೆಲಾಕ್ಸಿಗಳು ಬೇಕು. ಗೆಲಾಕ್ಸಿ ಝೂ ಎಂಬ ಸಾರ್ವಜನಿಕ ಯೋಜನೆಯ ಸ್ವಯಂಸೇವಕರು, ವಿಜ್ಞಾನ ಓದಿರದವರೂ ಅವರಲ್ಲಿದ್ದರು, 2007ರಲ್ಲಿ ಚಿತ್ರಗಳಲ್ಲಿ ಪುಟ್ಟ ಹಸಿರು ಗುಂಡುಗಳನ್ನು ಗುರುತಿಸಿ ಹಸಿರು ಬಟಾಣಿ ಎಂದು ಕರೆದಿದ್ದರು. ಅವು ಲೈಮನ್-ಆಲ್ಫಾವನ್ನು ಧಾರಾಳವಾಗಿ ಸೂಸುತ್ತವೆ, ಅವುಗಳಲ್ಲಿ ಕೆಲವು ಸೋರುತ್ತವೆ ಎಂದು ಆಮೇಲೆ ಹಬಲ್ ತೋರಿಸಿತು.

ಭಾರತದ ಪಾಲು ಇಲ್ಲಿ ನೇರವಾಗಿ ಬರುತ್ತದೆ. 2015ರ ಸೆಪ್ಟೆಂಬರ್ 28ರಂದು ಹಾರಿದ ಆಸ್ಟ್ರೋಸ್ಯಾಟ್ ಉಪಗ್ರಹದ ಅತಿನೇರಳೆ ದೂರದರ್ಶಕವನ್ನು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಮುಂದಾಳತ್ವದಲ್ಲಿ ರೂಪಿಸಿ, ಅದರ ಹೊಸಕೋಟೆಯ ಆವರಣದಲ್ಲಿ ಧೂಳಿಲ್ಲದ ಕೋಣೆಗಳಲ್ಲಿ ಜೋಡಿಸಲಾಯಿತು. ಅತಿನೇರಳೆಯ ಉಪಕರಣಕ್ಕೆ ಕನ್ನಡಿಯ ಮೇಲಿನ ತೆಳು ಕೊಳೆಯೂ ಮಾರಕ. ಅದರ ಎರಡು ದೂರದರ್ಶಕಗಳ ವ್ಯಾಸ ತಲಾ 38 ಸೆಂಟಿಮೀಟರಿನಷ್ಟು, ಹಬಲ್‌ನ 2.4 ಮೀಟರಿನ ಮುಂದೆ ಬಹಳ ಸಣ್ಣದು. ಆದರೂ 2016ರ ಅಕ್ಟೋಬರಿನಲ್ಲಿ 28 ಗಂಟೆಗೂ ಹೆಚ್ಚು ಕಾಲ ಒಂದೇ ಕಡೆ ನೋಡಿ, 930 ಕೋಟಿ ವರ್ಷಗಳ ಹಿಂದೆ ಹೊರಟ ಬೆಳಕನ್ನು ಅದು ಹಿಡಿಯಿತು. ಪುಣೆಯ ಐಯುಕಾ ಸಂಶೋಧನಾ ಸಂಸ್ಥೆಯ ಕನಕ್ ಸಹಾ ನೇತೃತ್ವದ ತಂಡ 2020ರಲ್ಲಿ ಇದನ್ನು ಪ್ರಕಟಿಸಿತು. ಕೆಂಪು ಪಲ್ಲಟ 1.42ರ ಆ ಗೆಲಾಕ್ಸಿಯಿಂದ ಸುಮಾರು 60 ನ್ಯಾನೋಮೀಟರಿನ, ಅಂದರೆ ಜಲಜನಕವನ್ನು ಸಿಡಿಸುವ ಬೆಳಕು ಹೊರಗೆ ಸೋರುತ್ತಿದೆ. ಉಪಕರಣದ ಹಿನ್ನೆಲೆಯ ಸದ್ದು ತೀರಾ ಕಡಿಮೆ ಇದ್ದದ್ದರಿಂದಲೇ ಹಬಲ್ ಗುರುತಿಸದ ಮಸುಕು ಬೆಳಕು ಇದಕ್ಕೆ ಸಿಕ್ಕಿತು.

2021ರ ಡಿಸೆಂಬರ್ 25ರಂದು ಹಾರಿದ ಜೇಮ್ಸ್ ವೆಬ್ ದೂರದರ್ಶಕ ಗಾಳಿಯ ಕಿಟಕಿಗಳ ಹಂಗನ್ನೇ ಕಳಚಿತು. 2023ರಲ್ಲಿ ಆಂಡ್ರ್ಯೂ ಬಂಕರ್ ತಂಡ ಜಿಎನ್-ಝೆಡ್11 ಎಂಬ ಗೆಲಾಕ್ಸಿಯಲ್ಲಿ, 10.6ರಲ್ಲಿ, ಮಹಾಸ್ಫೋಟದ ಸುಮಾರು 43 ಕೋಟಿ ವರ್ಷಗಳ ನಂತರದ ಲೈಮನ್-ಆಲ್ಫಾವನ್ನು ಕಂಡಿತು. 2025ರ ಮಾರ್ಚಿನಲ್ಲಿ ಯೋರಿಸ್ ವಿಟ್‌ಸ್ಟಾಕ್ ಮತ್ತು ಸಂಗಡಿಗರು ‘ನೇಚರ್’ ಪತ್ರಿಕೆಯಲ್ಲಿ ಬರೆದದ್ದು ಇನ್ನೂ ಬೆರಗಿನದು. ಕೆಂಪು ಪಲ್ಲಟ 13ರ, 33 ಕೋಟಿ ವರ್ಷ ವಯಸ್ಸಿನ ವಿಶ್ವದ ಗೆಲಾಕ್ಸಿಯೊಂದರಿಂದ ಈ ಗೆರೆ ಪ್ರಖರವಾಗಿ ಬರುತ್ತಿದೆ. 121.6 ನ್ಯಾನೋಮೀಟರಿನದು 1,700ರಷ್ಟಾಗಿ ಹಿಗ್ಗಿದೆ. ಆ ಕಾಲದಲ್ಲಿ ಸುತ್ತಲೆಲ್ಲ ದಟ್ಟ ಜಲಜನಕ ಕವಿದಿರಬೇಕಿತ್ತು, ಗೆರೆ ಅಳಿಸಿಹೋಗಬೇಕಿತ್ತು. ಅದು ಬಂದಿದೆ ಎಂದರೆ ಆ ಪುಟ್ಟ ಗೆಲಾಕ್ಸಿ ತನ್ನ ಸುತ್ತ ತಿಳಿಯಾದ ಗುಳ್ಳೆಯೊಂದನ್ನು ಕೊರೆದುಕೊಂಡಿರಬೇಕು. ನಮ್ಮ ಕಾಲದವಕ್ಕಿಂತ ಬಹಳ ಭಾರವಾದ, ಬಹಳ ಬಿಸಿಯಾದ ನಕ್ಷತ್ರಗಳು ಅದನ್ನು ಕೊರೆದಿರಬಹುದು, ಇಲ್ಲವೇ ಆಗಲೇ ಬೆಳೆಯುತ್ತಿದ್ದ ಕಪ್ಪುಕುಳಿ ಕೊರೆದಿರಬಹುದು.

ಇದಕ್ಕೂ ಹಿಂದಕ್ಕೆ ಹೋಗಲು ಇನ್ನೊಂದು ದಾರಿಯಿದೆ, ಅದರಲ್ಲೂ ಲೈಮನ್-ಆಲ್ಫಾದ ಕೈವಾಡವಿದೆ. ಇಡೀ ಪರಮಾಣುವಾಗಿ ಉಳಿದ ಜಲಜನಕ 21 ಸೆಂಟಿಮೀಟರಿನ ರೇಡಿಯೋ ಅಲೆಯನ್ನು ಸೂಸುತ್ತದೆ, ಹೀರುತ್ತದೆ. ನೆದರ್‌ಲೆಂಡ್ಸ್‌ನ ಸೀಗ್‌ಫ್ರೀಡ್ ವೌಟ್‌ಹೌಸನ್ 1952ರಲ್ಲಿ, ಅಮೆರಿಕದ ಜಾರ್ಜ್ ಫೀಲ್ಡ್ 1958ರಲ್ಲಿ ಒಂದು ಸೂಕ್ಷ್ಮವನ್ನು ತೋರಿಸಿದ್ದರು: ಲೈಮನ್-ಆಲ್ಫಾ ಬೆಳಕು ಅನಿಲದಲ್ಲಿ ಚೆದುರುವಾಗ ಈ ರೇಡಿಯೋ ಗೆರೆಯ ಬಲವೇ ಬದಲಾಗುತ್ತದೆ. ಹಾಗಾಗಿ ಮೊದಲ ನಕ್ಷತ್ರಗಳ ಲೈಮನ್-ಆಲ್ಫಾ ನಮ್ಮನ್ನು ತಲುಪದಿದ್ದರೂ, ಆಕಾಶದ ರೇಡಿಯೋ ಸದ್ದಿನಲ್ಲಿ ಒಂದು ತಗ್ಗಾಗಿ ಅದರ ಗುರುತು ಉಳಿದಿರಬೇಕು. 2018ರಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಎಡ್ಜಸ್ ಎಂಬ ಪ್ರಯೋಗ 78 ಮೆಗಾಹರ್ಟ್ಸ್ ಬಳಿ ಅಂಥ ತಗ್ಗು ಕಂಡಿದೆ ಎಂದು ಘೋಷಿಸಿತು. ಅದರ ಆಳ ಸಿದ್ಧಾಂತ ಒಪ್ಪುವ ಮಿತಿಯ ಎರಡು ಪಟ್ಟಿಗೂ ಹೆಚ್ಚು. ವಿವರಿಸಲು ಹೊಸ ಬಗೆಯ ಕಪ್ಪುದ್ರವ್ಯವನ್ನೇ ಕೆಲವರು ಕಲ್ಪಿಸಿದರು.

ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರು ಇದನ್ನು ಪರೀಕ್ಷಿಸಲು ಕರ್ನಾಟಕದ ನೀರಿಗಿಳಿದರು. ಆಂಟೆನಾದ ಕೆಳಗಿನ ನೆಲ ಒಂದೇ ಸಮನಾಗಿರುವುದಿಲ್ಲ. ಮಣ್ಣು, ಕಲ್ಲು, ತೇವಗಳ ಪದರಗಳು ಸಂಕೇತದಲ್ಲಿ ಸುಳ್ಳು ಏರಿಳಿತಗಳನ್ನು ಬೆರೆಸುತ್ತವೆ. ಆಳವಾದ ನಿಂತ ನೀರು ಎಲ್ಲೆಡೆ ಒಂದೇ ಗುಣದ್ದು. ಸರಸ್ 3 ಎಂಬ ತಮ್ಮ ಶಂಕುವಿನಾಕಾರದ ಆಂಟೆನಾವನ್ನು ತೆಪ್ಪದ ಮೇಲೆ ಕೂರಿಸಿ 2020ರ ಆರಂಭದ ತಿಂಗಳುಗಳಲ್ಲಿ ದಂಡಿಗಾನಹಳ್ಳಿ ಕೆರೆಯಲ್ಲೂ ಶರಾವತಿ ಹಿನ್ನೀರಿನಲ್ಲೂ ತೇಲಿಬಿಟ್ಟರು. ಸುತ್ತ ಎಫ್‌ಎಂ ಕೇಂದ್ರಗಳ, ಮೊಬೈಲುಗಳ ಗದ್ದಲ ಕಡಿಮೆಯಿರುವ ಜಾಗಗಳವು. 2022ರಲ್ಲಿ ‘ನೇಚರ್ ಅಸ್ಟ್ರಾನಮಿ’ಯಲ್ಲಿ ಸೌರಭ್ ಸಿಂಗ್ ಮತ್ತು ಸಂಗಡಿಗರು ಫಲಿತಾಂಶ ಪ್ರಕಟಿಸಿದರು. ಆಸ್ಟ್ರೇಲಿಯಾದಲ್ಲಿ ಕಂಡಿತ್ತೆಂದ ತಗ್ಗು ಇಲ್ಲಿ ಕಾಣಲಿಲ್ಲ. ಶೇ 95.3ರ ಖಚಿತತೆಯಿಂದ ಅವರು ಅದನ್ನು ತಳ್ಳಿಹಾಕಿದರು. ಹಾರ್ವರ್ಡ್‌ನ ಕೊಳವೆಯಲ್ಲಿ ಭೂತಗೆರೆಗಳನ್ನು ಬೇರ್ಪಡಿಸಿದಾಗ ನಡೆದದ್ದೂ ಇಂಥದೇ ಕೆಲಸ: ಉಪಕರಣದಿಂದ ಹುಟ್ಟಿದ್ದು ಯಾವುದು, ಜಲಜನಕದಿಂದ ಬಂದದ್ದು ಯಾವುದು ಎಂದು ವಿಂಗಡಿಸುವುದು.

ನಿಜವಾದ ತಗ್ಗು ಇನ್ನೂ ಸಿಕ್ಕಿಲ್ಲ. ಭೂಮಿಯ ಮೇಲೆಲ್ಲೂ 88ರಿಂದ 108 ಮೆಗಾಹರ್ಟ್ಸ್ ನಡುವಿನ ಎಫ್‌ಎಂ ಪ್ರಸಾರದಿಂದ ಪೂರ್ತಿ ತಪ್ಪಿಸಿಕೊಳ್ಳುವುದು ಕಷ್ಟ. ಮೇಲಿನ ಅಯಾನುಗೋಲವೂ ಸಂಕೇತವನ್ನು ಕದಡುತ್ತದೆ. ಅದಕ್ಕಾಗಿ ರಾಮನ್ ಸಂಸ್ಥೆ ಇಸ್ರೋ ಜೊತೆ ಪ್ರತ್ಯುಷ್ ಎಂಬ ಯೋಜನೆಯನ್ನು ಮುಂದಿಟ್ಟಿದೆ. ಚಂದ್ರನ ಸುತ್ತ ತಿರುಗುವ ನೌಕೆ, ಭೂಮಿ ಮರೆಯಾಗುವ ಆಚೆಬದಿಗೆ ಹೋದಾಗಲೆಲ್ಲ ತನ್ನ ರೇಡಿಯೋ ಗ್ರಾಹಕವನ್ನು ಆಕಾಶದ ಕಡೆ ತಿರುಗಿಸಿ, ಮೊದಲ ನಕ್ಷತ್ರಗಳ ಕಾಲದ ಜಲಜನಕದ ಸಂಕೇತವನ್ನು ಅಳೆಯಬೇಕೆಂಬುದು ಅದರ ಕರಡು.